ಮೊದಲ ಸಪ್ಪಳ

ನಮ್ಮೂರಿನವರೆಲ್ಲ ತೊದಲರು ಎಂದು ಸುತ್ತಲಿನ ಹಳ್ಳಿಯವರು ನಗುತ್ತಾರೆ. ನಗಲಿ, ನಕ್ಕರೆ ನಮ್ಮ ಗಂಟೇನೂ ಹೋಗುವುದಿಲ್ಲ. ನಾವು ಮಕ್ಕಳನ್ನು ಕರೆಯುವುದೇ ಹಾಗೆ. ಲಗಮ ಎಂಬ ಹುಡುಗನನ್ನು ಅವನ ತಾಯಿ "ಲ, ಲ, ಲಗಮಾ" ಎಂದು ಕರೆಯುತ್ತಾಳೆ. ಮಾಬೂಬಿಯನ್ನು ಅವಳ ಅಜ್ಜಿ "ಮಾ, ಮಾ, ಮಾಬೂಬಿ" ಎನ್ನುತ್ತಾಳೆ. ಹೆಸರಿನ ಮೊದಲ ಸಪ್ಪಳವನ್ನು ಬಿಡಿಸಿ, ಎತ್ತಿ ತೋರಿಸಿ, ಆಮೇಲೆ ಹೆಸರು. ಹಾಗೆ ಕರೆಯದಿದ್ದರೆ ನಮ್ಮ ಮಕ್ಕಳು ಬರುವುದಿಲ್ಲ. ಬರಲೂಬಾರದು.

ಊರಿನ ಮೂಡಣಕ್ಕೆ ನೆಲಕ್ಕೆ ಹಾಸುವ ಫರಸಿಕಲ್ಲಿನ ಹಳೆಯ ಖಣಿಯಿದೆ. ಕಲ್ಲು ತೆಗೆದು ತೆಗೆದು ಬಿಟ್ಟ ತಗ್ಗಿನಲ್ಲಿ ಹಸಿರು ನೀರು ನಿಂತಿದೆ. ಜೋಳದ ರಾಶಿ ಮುಗಿದು ಮೂಡಗಾಳಿ ಶುರುವಾಯಿತೆಂದರೆ ಮಟಮಟ ಮಧ್ಯಾಹ್ನ ಅಲ್ಲಿಂದ ಅದು ಕರೆಯುತ್ತದೆ. ತಾಯಿಯ ದನಿಯಲ್ಲಿ, ಅಜ್ಜಿಯ ದನಿಯಲ್ಲಿ, ಆಡಲು ಕರೆಯುವ ಅಕ್ಕನ ದನಿಯಲ್ಲಿ, ಮಗುವಿನ ಹೆಸರು ಹಿಡಿದೇ ಕರೆಯುತ್ತದೆ. ಮೊದಲ ಸಪ್ಪಳವೊಂದು ಮಾತ್ರ ಅದಕ್ಕೆ ಬರುವುದಿಲ್ಲ. ಲಗಮ ಎನ್ನಲಾರದು, ಅಗಮ ಎನ್ನುತ್ತದೆ. ಅದಕ್ಕೇ ಹಿರಿಯರು ಮೊಂಡದನಿ ಎಂದು ಹೆಸರಿಟ್ಟರು. ದೊಡ್ಡವರಿಗೂ ಅದು ಕೇಳುತ್ತದೆ. ಕೇಳಿದ ಕೂಡಲೇ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು, ಮಗು ಎಲ್ಲಿದೆ ಎಂದು ನೋಡಿ, ಮತ್ತೆ ರೊಟ್ಟಿ ಬಡಿಯುತ್ತೇವೆ. ಹಾಲುಹಲ್ಲಿನ ಮಕ್ಕಳು ಮಾತ್ರ ಎದ್ದು ಹೋಗುತ್ತವೆ. ಹೋದವು ಬಂದಿಲ್ಲ. ಬೇಲಿ ಹಾಕಿ ನೋಡಿದ್ದೇವೆ, ನಿಲ್ಲುವುದಿಲ್ಲ. ಊರು ಬಿಡಬಾರದೇ ಎಂದು ಕೇಳುವ ಜಾಣರೂ ಇದ್ದಾರೆ. ನಮ್ಮ ಮನೆಯ ಮಾಡು, ನೆಲ, ತಿನ್ನುವ ಅನ್ನ ಎಲ್ಲವೂ ಆ ಕಲ್ಲಿನಿಂದಲೇ ಬಂದದ್ದು. ಬಿಟ್ಟು ಹೋಗಿ ಎಲ್ಲಿ ಬೇಡಿ ತಿನ್ನುವುದು?

ನಾನು ಈ ಊರಿನ ಚಿಕ್ಕ ಮಕ್ಕಳ ಸಾಲೆಯ ಅಕ್ಕೋರು. ಬೇರೆ ಊರಿನಲ್ಲಿ ಅಕ್ಷರ ಕಲಿಯದ ಮಗು ಹೆಚ್ಚೆಂದರೆ ಕುರಿ ಕಾಯುತ್ತದೆ. ಇಲ್ಲಿ ಹಾಗಲ್ಲ. ಆದ್ದರಿಂದ ನಾನು ಪಾಟಿ ಬಳಪ ಆಮೇಲೆ ಹಿಡಿಸುತ್ತೇನೆ, ಮೊದಲು ಬುಟ್ಟಿ. ಬುಟ್ಟಿಯಲ್ಲಿ ಗಜ್ಜುಗ, ಗೆಜ್ಜೆ, ಗಂಟೆ. ಬಳೆ, ಬೆಲ್ಲ, ಬದನೆಕಾಯಿ. ಸವತೆಕಾಯಿ, ಸೂಜಿಯಿಲ್ಲದ ಸೂಜಿಡಬ್ಬಿ. ಮಗು ಕಣ್ಣು ಮುಚ್ಚಿ ಕೈ ಹಾಕಿ ಒಂದನ್ನು ಹಿಡಿಯಬೇಕು, ಅದರ ಹೆಸರು ಯಾವ ಸಪ್ಪಳದಿಂದ ಶುರುವಾಗುತ್ತದೋ ಹೇಳಬೇಕು, ಅದೇ ಸಪ್ಪಳದ ಗುಂಪಿಗೆ ಒಯ್ದಿಡಬೇಕು. ತಟ್ಟೆಯಲ್ಲಿ ಜೋಳದ ಹಿಟ್ಟು ಹರಡಿ ಆ ಸಪ್ಪಳದ ಅಕ್ಷರವನ್ನು ಬೆರಳಿನಿಂದ ಬರೆಸುತ್ತೇವೆ. ಆಮೇಲೆ ತಲೆ ತೆಗೆಯುವ ಆಟ, ತಲೆ ಎಂದರೆ ಮಾತಿನ ಮೊದಲ ಸಪ್ಪಳ. ನಾನು "ಬೆಲ್ಲ" ಎಂದರೆ ಮಕ್ಕಳು ಕೈ ಚಾಚಿ ಬೆಲ್ಲ ತಿನ್ನಬಹುದು. "ಎಲ್ಲ" ಎಂದರೆ ಕೈ ಹಿಂದೆ ಕಟ್ಟಿ ಕೂರಬೇಕು. ಬೆಲ್ಲದ ಆಸೆಗೆ ಕೈ ಚಾಚಿದ ಮಗುವನ್ನು ಉಳಿದವರು ನೋಡಿ ನಗುತ್ತಾರೆ. ನನಗೆ ನಗು ಬರುವುದಿಲ್ಲ. ಆ ಚಾಚಿದ ಕೈಯನ್ನು ಹಿಡಿದು ಮತ್ತೆ ಮೊದಲಿನಿಂದ ಆಡಿಸುತ್ತೇನೆ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದರು ಎಂದು ಬೇರೆಯವರು ಆಡಿಕೊಳ್ಳುತ್ತಾರಲ್ಲ, ನಮ್ಮೂರಲ್ಲಿ ಹುಟ್ಟುವ ಮುಂಚೆ ಹೆಸರು ಹುಡುಕುತ್ತಾರೆ. ಬಸುರಿಯರು ನನ್ನ ಹತ್ತಿರ ಬಂದು, ಯಾವ ಸಪ್ಪಳ ಗಟ್ಟಿ, ಯಾವುದು ಮೆತ್ತಗೆ ಎಂದು ವಿಚಾರಿಸುತ್ತಾರೆ. ನೀಲವ್ವ ಕೂಡ ಹಾಗೆಯೇ ಬಂದಿದ್ದಳು. ಕಲ್ಲು ಪಾಲಿಶ್ ಮಾಡುವ ಹೆಂಗಸು, ಮೈಮೇಲೆ ಸದಾ ಬೂದಿಬಣ್ಣದ ಧೂಳು. ನಾನೇ ಪುತಳಿ ಎಂದು ಇಡು ಎಂದೆ. ಪ ಎಂದರೆ ಮುಚ್ಚಿದ ಬಾಗಿಲು ತೆರೆದಂತೆ, ಕಿವಿಗೆ ತಪ್ಪುವುದೇ ಇಲ್ಲ ಎಂದಿದ್ದೆ.

ಪುತಳಿಗೆ ತಪ್ಪುತ್ತಿತ್ತು. ನಾಲ್ಕು ತುಂಬಿದ ಹುಡುಗಿ, ಮಾತು ಚುರುಕು, ಕಿವಿಯೂ ಚುರುಕು. ಗೋಡೆಯಾಚೆ ಬಟಾಣಿ ಮಾರುವವನು ಬಂದರೆ ಮೊದಲು ಏಳುವವಳು ಅವಳೇ. ಆದರೆ ಮಾತಿನ ತಲೆ ಯಾವುದು, ಮೈ ಯಾವುದು ಎಂದು ಬಿಡಿಸಲು ಅವಳಿಗೆ ಆಗುತ್ತಿರಲಿಲ್ಲ. ಪುತಳಿ ಎಂದರೂ ಓ, ಉತಳಿ ಎಂದರೂ ಓ. ಬೆಲ್ಲ ಎಂದರೂ ಕೈ, ಎಲ್ಲ ಎಂದರೂ ಕೈ. "ಎರಡೂ ಬೆಲ್ಲನ ಅಲ್ರಿ ಅಕ್ಕೋರ?" ಎಂದು ನನ್ನನ್ನೇ ಕೇಳುತ್ತಿದ್ದಳು.

ಮೂಡಗಾಳಿಗೆ ಮುಂಚೆ ನಮ್ಮಲ್ಲಿ ಗೋಡೆ ಪರೀಕ್ಷೆ ನಡೆಯುತ್ತದೆ. ದುರಗಣ್ಣ ಸಾಲೆಯ ಹಿತ್ತಿಲ ಗೋಡೆಯ ಹಿಂದೆ ನಿಂತು ಮಕ್ಕಳನ್ನು ಒಮ್ಮೆ ತಲೆ ಇಟ್ಟು, ಒಮ್ಮೆ ತಲೆ ತೆಗೆದು ಕರೆಯುತ್ತಾನೆ. ಅವನು ಖಣಿಯಲ್ಲಿ ಕಲ್ಲು ಸಿಡಿಸಲು ಮದ್ದು ಇಡುತ್ತಿದ್ದವನು. ಅವನ ಒಬ್ಬನೇ ಮಗ ಬೈಲಪ್ಪ ಅವ್ವನ ದನಿ ಕೇಳಿ ಹೋದವನು. ಅಂದಿನಿಂದ ಈ ಕೆಲಸವನ್ನು ಬೇರೆ ಯಾರಿಗೂ ಬಿಟ್ಟುಕೊಟ್ಟಿಲ್ಲ. ತಲೆಯಿಲ್ಲದ ಕರೆಗೆ ಹೆಜ್ಜೆ ಎತ್ತಿದ ಮಗುವಿಗೆ ಅವನೇ ಹಗ್ಗ ಹೊಸೆದು ಕೊಡುತ್ತಾನೆ. ಒಂದು ತುದಿ ಮಗುವಿನ ಕಾಲಿಗೆ, ಇನ್ನೊಂದು ತುದಿ ಮನೆಯ ನಡುಗಂಬಕ್ಕೆ. ಹಾಲುಹಲ್ಲು ಬೀಳುವ ತನಕ ಅಷ್ಟೇ ಅದರ ಲೋಕ. ಜೈತುನ್ ಎಂಬ ಹುಡುಗಿ ಹಾಗೆ ಕಟ್ಟಿಸಿಕೊಂಡವಳು. ಈಗ ಹಗ್ಗ ಬಿಚ್ಚಿದ್ದಾರೆ, ಆದರೂ ನಡೆಯುವಾಗ ಒಂದು ಕಾಲನ್ನು ಎಳೆಯುತ್ತಾಳೆ, ಅಂಗಳದ ನಡುವೆ ತಾನಾಗಿಯೇ ನಿಂತುಬಿಡುತ್ತಾಳೆ. ಅಲ್ಲಿಗೆ ಹಗ್ಗ ಮುಗಿಯುತ್ತಿತ್ತು.

"ಅಕ್ಕೋರ, ನಾ ದಿನಾ ಕೆಲಸಕ್ಕ ಹೋಗಾಕಿ. ಕಟ್ಟಿ ಹಾಕಿ ಹೋದ್ರ ಕೂಸು ದನದಂಗ ಆಗತೈತಿ. ಬಿಟ್ಟು ಹೋದ್ರ..." ಎಂದಳು ನೀಲವ್ವ. ಬಿಸಿತುಪ್ಪ ನುಂಗಲೂ ಆಗದು, ಉಗುಳಲೂ ಆಗದು. "ನೀವ ಏನರೆ ಮಾಡ್ರಿ" ಎಂದು ನನ್ನ ಕೈ ಹಿಡಿದುಕೊಂಡಳು. ಅವಳ ಅಂಗೈ ಕಲ್ಲಿನಂತೆ ಒರಟಾಗಿತ್ತು. ಮಾಡ್ತೀನಿ ಎಂದೆ. ಹೇಗೆ ಎಂದು ನನಗೇ ಗೊತ್ತಿರಲಿಲ್ಲ.

ಎಲ್ಲ ಆಟಗಳನ್ನೂ ಆಡಿಸಿದೆ. ಹುಣಸೆಬೀಜ ಸಾಲಾಗಿ ಇಟ್ಟು ಮೊದಲನೆಯದನ್ನು ಮುಟ್ಟಿಸಿದೆ. ಚಪ್ಪಾಳೆ ಹೊಡೆಸಿದೆ. ಬೊಂಬೆಯ ತಲೆ ಕಿತ್ತು ತೋರಿಸಿದೆ. ಬೊಂಬೆಗೆ ನೋವಾಯಿತೆಂದು ಅತ್ತಳು. ಗಾಳಿ ತಿರುಗುವ ಕಾಲ ಹತ್ತಿರ ಬಂದಂತೆ ನನ್ನ ದನಿ ಗಟ್ಟಿಯಾಗುತ್ತ ಹೋಯಿತು, ಅವಳ ಮುಖ ಚಿಕ್ಕದಾಗುತ್ತ ಹೋಯಿತು.

ಆ ವರ್ಷ ಗಾಳಿ ಬೇಗ ತಿರುಗಿತು. ಪರೀಕ್ಷೆ ಇನ್ನೂ ಆಗಿರಲಿಲ್ಲ. ಮಕ್ಕಳಿಗೆ ಉಪ್ಪಿಟ್ಟು ಹಾಕುತ್ತಿದ್ದೆ, ಖಣಿಯ ಕಡೆಯಿಂದ ನೀಲವ್ವನ ದನಿ ಬಂತು. "ಉತಳೀ, ಬಾ ಇಲ್ಲೆ. ಉತಳೀ." ಅದೇ ಒಡಕು, ಅದೇ ಅಕ್ಕರೆ. ಉಳಿದ ಮಕ್ಕಳು ಉಣ್ಣುವುದನ್ನು ನಿಲ್ಲಿಸಿ ಕೈ ಹಿಂದೆ ಕಟ್ಟಿದರು. ಪುತಳಿ ಎದ್ದು ಹೊರಟಳು. ಹಾರಿ ಅವಳ ನಡು ಹಿಡಿದು ತೊಡೆಯ ಮೇಲೆ ಕೂರಿಸಿಕೊಂಡೆ. "ಪುತಳಿ, ಪುತಳಿ, ಇದು ನೋಡು ನಿನ್ನ ಹೆಸರು, ಪುತಳಿ" ಎಂದು ಒಂದೇ ಸಮನೆ ಹೇಳುತ್ತಿದ್ದೆ. ಅವ್ವನ ಮಾತು ಕೇಳಿಸದಂತೆ ನಾನು ಗಲಾಟೆ ಮಾಡುತ್ತಿದ್ದೇನೆ ಎಂದು ಅವಳಿಗೆ ಸಿಟ್ಟು ಬಂತು. ಸುಮ್ಮನಿರಿ ಎನ್ನುವಂತೆ ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು. ನಾನು ಆ ಅಂಗೈಯೊಳಗೇ ಮತ್ತೆ "ಪುತಳಿ" ಎಂದೆ.

ಅವಳು ಬೆಚ್ಚಿ ಕೈ ತೆಗೆದು, ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. ಮತ್ತೆ ಬಾಯಿಯ ಮೇಲಿಟ್ಟಳು. "ಇನ್ನೊಮ್ಮಿ ಅನ್ರಿ" ಎಂದಳು. ಮತ್ತೆ ಪುತಳಿ ಎಂದೆ. "ಗಾಳಿ ಹೊಡೀತು!" ಎಂದಳು. ಉತಳಿ ಎಂದೆ. ಅಂಗೈಯನ್ನು ನೋಡಿ, ತಲೆ ಅಲ್ಲಾಡಿಸಿ, "ಇದ್ರಾಗ ಹೊಡೀಲಿಲ್ಲ" ಎಂದಳು. ನಾನು ಅವಳನ್ನು ಅವುಚಿಕೊಂಡು ಅತ್ತುಬಿಟ್ಟೆ. ಹೊರಗೆ ಅದು ಇನ್ನೂ ಕರೆಯುತ್ತಲೇ ಇತ್ತು.

ಆಮೇಲೆ ಅವಳಿಗೆ ಎಲ್ಲವನ್ನೂ ಕೈಯಿಂದಲೇ ಕಲಿಸಿದೆ. ಮ ಎನ್ನುವಾಗ ಮೂಗಿನ ಮೇಲೆ ಬೆರಳಿಟ್ಟರೆ ಝುಂ ಎನ್ನುತ್ತದೆ. ಗ ಎಂದರೆ ಗಂಟಲು ಅದುರುತ್ತದೆ. ಸ ಎಂದರೆ ಬೆರಳ ತುದಿಗೆ ತಣ್ಣನೆ ಗಾಳಿ. ಹ ಎಂದರೆ ಸ್ಟೀಲಿನ ತಟ್ಟೆ ಮಂಜಾಗುತ್ತದೆ. ಲ ಎನ್ನುವ ನಾಲಗೆಯನ್ನು ನೋಡಲು ಅವಳು ನನ್ನ ಬಾಯಲ್ಲಿ ಬೆರಳನ್ನೇ ಇಟ್ಟಳು. ಮೊದಲು ನನ್ನ ಬಾಯಿ, ಆಮೇಲೆ ತನ್ನ ಬಾಯಿ, ಆಮೇಲೆ ಲಗಮನದು. ಅವನಿಗೆ ಕಚಗುಳಿಯಾಗಿ ಕಚ್ಚಿದ. ಬುಟ್ಟಿಯ ಸಾಮಾನೆಲ್ಲ ಅವಳ ಕೈಯಲ್ಲಿ ಸರಿಯಾದ ಗುಂಪಿಗೆ ಹೋಗತೊಡಗಿತು. "ಯಾರ ಕರದ್ರೂ ಮೊದಲ ಕೈ ಇಟ್ಟು ನೋಡು. ಗಾಳಿ ಹೊಡದ್ರ ನಿಮ್ಮವ್ವ" ಎಂದು ದಿನವೂ ಹೇಳುತ್ತಿದ್ದೆ. ನನ್ನ ಜಾಣತನಕ್ಕೆ ನಾನೇ ಬೀಗಿದೆ. ಹೇಳುವುದೇನು, ಬೀಗಿದ್ದು ಹೌದು.

ಪರೀಕ್ಷೆಯ ದಿನ ದುರಗಣ್ಣ ಗೋಡೆಯ ಹಿಂದಿನಿಂದ "ಉತಳಿ" ಎಂದ. ಪುತಳಿ ನೆಟ್ಟಗೆ ನಡೆದು, ಗೋಡೆ ಸುತ್ತಿ, ಅವನ ಮುಂದೆ ನಿಂತು, ಬಗ್ಗು ಎಂದು ಸನ್ನೆ ಮಾಡಿ, ಮೀಸೆಯ ಕೆಳಗೆ ಅಂಗೈ ಇಟ್ಟು, "ಈಗ ಅನ್ನು ಕಾಕಾ" ಎಂದಳು. ಅವನು ಮತ್ತೆ ಹಾಗೇ ಅಂದ. "ನೀ ಅಲ್ಲ" ಎಂದು ಹೇಳಿ ತಿರುಗಿ ಬಂದಳು. ಹೆಂಗಸರು ಚಪ್ಪಾಳೆ ತಟ್ಟಿದರು. ದುರಗಣ್ಣನ ಮುಖ ಮಾತ್ರ ಸಪ್ಪಗಾಯಿತು.

"ಅಕ್ಕೋರ, ಇಕಿ ಹತ್ರ ಹೋಗ್ತಾಳ್ರಿ" ಎಂದ.

"ಹೋಗಿ, ಅಲ್ಲ ಅಂತ ತಿಳದು ತಿರುಗಿ ಬರ್ತಾಳ. ಕಂಡ್ಯಲ್ಲ?"

"ಅಲ್ಲೆ ಹತ್ರ ಹೋದ ಮ್ಯಾಲೆ ಬರೂದು ಅನ್ನೂದು ಐತೇನ್ರಿ? ನನ್ನ ಮಗ ತಿರುಗಿ ಬಂದಾನೇನು?"

ಅವನು ಹೊಸೆದ ಹಗ್ಗ ಹೆಗಲ ಮೇಲಿತ್ತು. ನನಗೆ ಜೈತುನ್‌ಳ ಕಾಲು ಕಣ್ಣ ಮುಂದೆ ಬಂತು. ಮಗು ಸಾಲೆಯಲ್ಲಿ ನನ್ನ ಕಣ್ಣೆದುರೇ ಇರುತ್ತದೆ, ಅದರ ಹೊಣೆ ನನ್ನದು ಎಂದು ಜೋರು ಮಾಡಿದೆ. ನೀಲವ್ವನೂ ನನ್ನ ಪರವಾಗಿ ನಿಂತಳು. ದುರಗಣ್ಣ ಹಗ್ಗವನ್ನು ಸಾಲೆಯ ಕಿಟಕಿಗೆ ನೇತುಹಾಕಿ ಹೋದ. ಬೇಕಾದಾಗ ತಗೋರಿ ಎನ್ನುವಂತೆ.

ಕಣ್ಣೆದುರು ಎಂದು ಹೇಳುವುದು ಸುಲಭ. ಒಂದು ಮಧ್ಯಾಹ್ನ ಲಗಮ ಮೂಗಿನಲ್ಲಿ ಬಟಾಣಿ ಸೇರಿಸಿಕೊಂಡ. ಅವನನ್ನು ಬೆಳಕಿಗೆ ಹಿಡಿದು, ಬಯ್ದು, ಸೀನಿಸಿ, ಬಟಾಣಿ ಹೊರಗೆ ಬರುವಷ್ಟರಲ್ಲಿ ಮಾಬೂಬಿ ನನ್ನ ಸೆರಗು ಎಳೆದಳು. "ಅಕ್ಕೋರ, ಮೊಂಡ ಕರೀತು. ಪುತಳಿ ಕೈ ಇಟ್ಟು ನೋಡಿ ಬರ್ತೀನಿ ಅಂತ ಹೋದ್ಳು."

ಮಕ್ಕಳನ್ನು ಒಳಗೆ ಹಾಕಿ ಚಿಲಕ ಎಳೆದು ಓಡಿದೆ. ಓಡುವಾಗ ಒಂದೇ ಮಾತು ತಲೆಯಲ್ಲಿ: ಕೈ ಇಟ್ಟು ನೋಡು ಎಂದವಳು ನಾನು. ಕರೆ ನಿಂತುಹೋಗಿತ್ತು. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. ಕರೆಯುತ್ತಿದ್ದರೆ ಮಗು ಇನ್ನೂ ದಾರಿಯಲ್ಲಿದೆ ಎಂದಾದರೂ ಅರ್ಥ. ಖಣಿಯ ಅಂಚಿಗೆ ಬಂದು ಕೆಳಗೆ ನೋಡಲು ನನಗೆ ಧೈರ್ಯ ಬರಲಿಲ್ಲ. ಕಣ್ಣು ಮುಚ್ಚಿ ನಿಂತೆ. ಆಗ ಅವಳ ದನಿ ಕೇಳಿತು.

"ಹಂಗಲ್ಲ. ಮೊದಲ ತುಟಿ ಮುಚ್ಚು. ಗಟ್ಟಿ ಮುಚ್ಚು. ಹಾಂ, ಈಗ ಬಿಡು."

ನೀರಿಗೆ ಇಳಿಯುವ ಕೊನೆಯ ಫರಸಿಯ ಮೇಲೆ ಪುತಳಿ ಕುಕ್ಕರಗಾಲಲ್ಲಿ ಕೂತಿದ್ದಳು. ಬಲಗೈಯನ್ನು ನೀರಿನ ಮೇಲೆ ಬರಿ ಗಾಳಿಯಲ್ಲಿ ಚಾಚಿದ್ದಳು. ಅಲ್ಲಿ ಏನೂ ಇರಲಿಲ್ಲ. ಆದರೂ ಆ ಕೈ ಏನನ್ನೋ ತಾಕಿ ನಿಂತ ಕೈಯಂತೆ ಕಂಡಿತು, ಬೆರಳುಗಳು ಸ್ವಲ್ಪ ಮಡಚಿದ್ದವು. ಎಡಗೈಯನ್ನು ತನ್ನ ಬಾಯಿಯ ಮುಂದೆ ಹಿಡಿದು, ತೋರಿಸಿಕೊಡುವಂತೆ, "ಪ" ಎಂದಳು. ಥೇಟ್ ನನ್ನ ಹಾಗೆಯೇ ತಾಳ್ಮೆಯಿಂದ, ತಲೆ ಓರೆ ಮಾಡಿ. ಕೆಳಗಿಳಿದದ್ದು ನನಗೆ ನೆನಪಿಲ್ಲ. ಅವಳನ್ನು ಬಾಚಿ ಎತ್ತಿಕೊಂಡಾಗ ಬಲಗೈ ಮಣಿಕಟ್ಟಿನ ತನಕ ಒದ್ದೆಯಾಗಿತ್ತು, ಬಾವಿಯ ತಳದ ಕಲ್ಲಿನಷ್ಟು ತಣ್ಣಗಿತ್ತು.

"ಅವ್ವ ಅಲ್ರಿ ಅದು. ಅದಕ ಗಾಳಿ ಹೊಡ್ಯಾಕ ಬರಾಂಗಿಲ್ಲ" ಎಂದಳು ಪುತಳಿ. "ಪಾಪ ಅನಿಸ್ತ್ರಿ. ಅದಕ ಕಲಿಸಿದೆ."

ಮೇಲೆ ಹತ್ತಿ ದಾರಿಗೆ ಬಂದಿದ್ದೆವು. ಬೆನ್ನ ಹಿಂದೆ, ನೀರಿನ ಕಡೆಯಿಂದ, ಒಂದು ಸಣ್ಣ ಸಪ್ಪಳ ಬಂತು. ತುಟಿ ತೆರೆದ ಸಪ್ಪಳ. "ಪ." ಸ್ವಲ್ಪ ತಡೆದು, ಇನ್ನೊಮ್ಮೆ, "ಪ." ಆಮೇಲೆ ನೀಲವ್ವನ ದನಿಯಲ್ಲಿ, ನಮ್ಮೂರಿನವರು ಕರೆಯುವ ರೀತಿಯಲ್ಲೇ, "ಪು, ಪು, ಪುತಳೀ."

"ಶಾಬಾಸ್!" ಎಂದು ಪುತಳಿ ನನ್ನ ಹೆಗಲ ಮೇಲಿಂದ ಕೂಗಿದಳು.

ಒಂದು ದಾರಿ ಗೊತ್ತಾದವರಿಗೆ ಉಳಿದ ದಾರಿ ಹುಡುಕುವುದು ಕಷ್ಟವಲ್ಲ. ನಮ್ಮ ಮಕ್ಕಳೂ ಹಾಗೆಯೇ ಕಲಿಯುತ್ತವೆ. ಮರುದಿನ ಅದು ಬ ಮತ್ತು ಮ ಕಲಿತಿತ್ತು. ಆಮೇಲೆ ಲ, ಆಮೇಲೆ ಗ. ಮಧ್ಯಾಹ್ನವೆಲ್ಲ ಕೂತು ಮನೆಪಾಠ ಮಾಡುವ ಹುಡುಗನಂತೆ ಒಂದೊಂದನ್ನೇ ಹೇಳಿಕೊಳ್ಳುತ್ತಿತ್ತು. ಊರಿನ ಹೆಂಗಸರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ನನಗೆ ಅನ್ನ ಸೇರಲಿಲ್ಲ. ಮಕ್ಕಳಿಗೆ ಬುಟ್ಟಿ ಕೊಡಲು ಕೈ ಬರಲಿಲ್ಲ. ಇಷ್ಟು ವರ್ಷ ಕಲಿಸಿದ್ದೆಲ್ಲ ಇನ್ನು ಯಾವ ಕೆಲಸಕ್ಕೂ ಬಾರದು ಎಂದು ನನಗೆ ಗೊತ್ತಿತ್ತು, ಊರಿಗೂ ಗೊತ್ತಿತ್ತು. ಯಾರೂ ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ದುರಗಣ್ಣ ಹೆಗಲ ತುಂಬ ಹಗ್ಗ ಹೊತ್ತು ಸಾಲೆಗೆ ಬಂದ. ಎಲ್ಲ ಮಕ್ಕಳಿಗೂ ಆಗುವಷ್ಟು ತಂದಿದ್ದ. ತಾಯಂದಿರೂ ಬಂದು ಅಂಗಳದಲ್ಲಿ ನಿಂತರು.

"ನೀ ಹೆದರಿದ್ದು ಖರೆ ಆತು, ದುರಗಣ್ಣ" ಎಂದೆ.

"ಖರೆ ಆಗಬಾರದಿತ್ರಿ" ಎಂದ. "ಕಟ್ಟಲೇನು?"

ನೀಲವ್ವ ಮುಂದೆ ಬಂದಳು. ಮಗಳಿಂದ ಊರಿಗೇ ಹೀಗಾಯಿತು ಎಂಬ ನಾಚಿಕೆ ಅವಳ ಮುಖದಲ್ಲಿತ್ತು. ಆದರೂ ಮಾತು ಗಟ್ಟಿಯಾಗಿತ್ತು. "ನನ್ನ ಮಗಳು ಹೋಗಿ ಬಂದಾಳ. ಅದು ಏನ್ ಕಲತ್ರೂ ಅದಕ ಬೆಚ್ಚನ ಉಸರು ಇಲ್ಲ, ಕೈಗೆ ತಣ್ಣಗ ಹತ್ತೈತಿ ಅಂತಾಳ. ಕಿವಿ ನಂಬೂದು ಇನ್ನ ಬಿಡ್ರಿ. ಇವತ್ತಿಂದ ನಾವು ಯಾರೂ ಮಕ್ಕಳನ್ನ ಕರಿಯೂದ ಬ್ಯಾಡ. ಬಾಯಿ ಮುಚ್ಕೊಂಡು ಬಂದು ನಿಲ್ಲೂನು. ಕೂಸು ತಾನ ಬಂದು ನಮ್ಮ ಬಾಯಿ ಮ್ಯಾಲೆ ಕೈ ಇಡಲಿ."

"ದೂರದಿಂದ ಅದು ಕರೀತಿರತೈತಿ, ಹತ್ರ ನಾವು ಮೂಕರಂಗ ನಿಂತಿರ್ತೀವಿ. ಕೂಸು ಯಾವ ಕಡೆ ಬರತೈತಿ?" ಲಗಮನ ತಾಯಿ ಕೇಳಿದಳು. ಎಲ್ಲರೂ ನನ್ನ ಕಡೆ ನೋಡಿದರು.

ನನಗೆ ಗೊತ್ತಿಲ್ಲ ಎಂದೆ. ಅಕ್ಕೋರು ಹಾಗೆ ಹೇಳಬಾರದು, ಹೇಳಿದೆ.

ಆ ಬೆಳಿಗ್ಗೆಯೆಲ್ಲ ಬಾಗಿಲು ಹಾಕಿಕೊಂಡು, ಪಿಸುಮಾತಿನಲ್ಲಿ, ಕೈ ಆಟ ಆಡಿಸಿದೆ. ಮಕ್ಕಳು ಒಬ್ಬರ ಬಾಯಿ ಒಬ್ಬರು ಮುಟ್ಟಿದರು, ಉಗುಳಿದರು, ಜಗಳವಾಡಿದರು. ಇನ್ನೂ ನಾಲ್ಕು ದಿನ ಸಿಕ್ಕಿದ್ದರೆ ಎಂದುಕೊಂಡೆ. ಸಿಗಲಿಲ್ಲ. ಸಾಲೆ ಬಿಡುವ ಹೊತ್ತಿಗೆ ತಾಯಂದಿರು ಅಂಗಳದ ಬೇವಿನ ಕೆಳಗೆ ಸಾಲಾಗಿ ಬಂದು ನಿಂತರು. ತುಟಿ ಬಿಗಿದಿದ್ದರು. ನಾನು ಬಾಗಿಲು ತೆಗೆದೆ. ಮಕ್ಕಳು ಅಂಗಳಕ್ಕೆ ಇಳಿಯುವುದಕ್ಕೂ ಖಣಿಯ ಕಡೆಯಿಂದ ಅದು ಶುರು ಮಾಡುವುದಕ್ಕೂ ಸರಿಹೋಯಿತು. "ಲ, ಲ, ಲಗಮಾ. ಮಾ, ಮಾ, ಮಾಬೂಬಿ." ಒಬ್ಬೊಬ್ಬರ ಹೆಸರೂ ತಲೆಸಹಿತ, ಒಬ್ಬೊಬ್ಬ ತಾಯಿಯ ದನಿಯಲ್ಲಿ, ಎಲ್ಲವೂ ಒಟ್ಟಿಗೆ. ಎಷ್ಟು ಚಂದ ಕರೆಯಿತೆಂದರೆ ನನಗೇ ಕಾಲು ಆ ಕಡೆ ಎಳೆಯಿತು.

ಮಕ್ಕಳು ನಿಂತರು. ಬೇವಿನ ಕೆಳಗೆ ನೋಡಿದರು, ಖಣಿಯ ಕಡೆ ನೋಡಿದರು. ಇಲ್ಲಿ ಅವ್ವ ಇದ್ದಾಳೆ, ಕರೆಯುತ್ತಿಲ್ಲ. ಅಲ್ಲಿ ಅವ್ವ ಕರೆಯುತ್ತಿದ್ದಾಳೆ. ತಾಯಂದಿರ ಕಣ್ಣಿಂದ ನೀರು ಇಳಿಯುತ್ತಿತ್ತು. ಬಾಯಿ ತೆರೆದರೆ ಅದರ ದನಿಯ ಜೊತೆ ತಮ್ಮದೂ ಕಲೆಯುತ್ತದೆ ಎಂದು ಒಬ್ಬಳೂ ಕರೆಯಲಿಲ್ಲ. ಲಗಮನ ತಾಯಿ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಲಗಮ ಖಣಿಯ ಕಡೆ ತಿರುಗಿ ಒಂದು ಹೆಜ್ಜೆ ಇಟ್ಟ.

ಪುತಳಿ ನೆಟ್ಟಗೆ ನೀಲವ್ವನ ಹತ್ತಿರ ಹೋದಳು. ಕೈ ಮೇಲೆತ್ತಿದಳು, ನೀಲವ್ವ ಬಗ್ಗಿದಳು. ಅಂಗೈಯೊಳಗೆ ನೀಲವ್ವ ಏನೆಂದಳೋ ನಮಗೆ ಯಾರಿಗೂ ಕೇಳಿಸಲಿಲ್ಲ. ಪುತಳಿ ಅಂಗೈ ನೋಡಿಕೊಂಡು, ಹೌದು ಎಂದು ತಲೆ ಆಡಿಸಿದಳು. ಅವ್ವನ ಹತ್ತಿರ ನಿಲ್ಲಬಹುದಿತ್ತು, ನಿಲ್ಲಲಿಲ್ಲ. ಓಡಿ ಹೋಗಿ ಲಗಮನ ಮಣಿಕಟ್ಟು ಹಿಡಿದಳು. ಅವನು ಕೊಸರಾಡಿದ, ಅವಳನ್ನು ಕಚ್ಚಿದ. ಅವಳು ಬಿಡದೆ ಎಳೆದು ತಂದು ಅವನ ಅಂಗೈಯನ್ನು ಅವನ ತಾಯಿಯ ಬಾಯಿಯ ಮೇಲೆ ಒತ್ತಿ ಹಿಡಿದಳು. ಆಮೇಲೆ ಮಾಬೂಬಿಯ ಕಡೆ ಓಡಿದಳು. ನಾನೂ ಓಡಿದೆ, ದುರಗಣ್ಣನೂ ಹಗ್ಗ ಎಸೆದು ಓಡಿದ. ಆದರೆ ಮಕ್ಕಳು ನಮ್ಮ ಕೈಯನ್ನು ಕೊಡವುತ್ತಿದ್ದರು. ಅವಳ ಕೈಗೆ ಮಾತ್ರ ಕೈ ಕೊಡುತ್ತಿದ್ದರು.

ತಾಯಂದಿರು ತಮ್ಮ ತಮ್ಮ ಮಕ್ಕಳನ್ನು ಎತ್ತಿಕೊಂಡು ಮನೆಗೆ ಹೋಗಿ ಅಂಗಳ ಖಾಲಿಯಾಗುವ ತನಕ ಅದು ಕರೆಯಿತು. ಕೊನೆಗೆ ನಾನು ಮತ್ತು ನೀಲವ್ವ ಇಬ್ಬರೇ ನಿಂತಿದ್ದಾಗ ಪುತಳಿ ನನ್ನ ಹತ್ತಿರವೂ ಬಂದು ಕೈ ಎತ್ತಿದಳು. ನಾನು ಬಗ್ಗಿದೆ. ಏನು ಹೇಳಬೇಕೆಂದು ತೋಚದೆ ಉಸಿರನ್ನಷ್ಟೇ ಬಿಟ್ಟೆ. "ಬೆಚ್ಚಗೈತಿ" ಎಂದಳು. ಆಮೇಲೆ ಖಣಿಯ ಕಡೆ ನೋಡಿ, ನನ್ನ ಕಿವಿಯಲ್ಲಿ ಕೇಳಿದಳು: "ಅಕ್ಕೋರ, ಬೆಚ್ಚಗ ಆಗೂದು ಹೆಂಗ ಅಂತ ಅದು ಕೇಳಿದ್ರ ನಾ ಏನ್ ಹೇಳ್ಲಿ?"